ಖಾರ ಕುಡಿದ ಕಲ್ಲು

ಈ ಕಥೆಯನ್ನು ಹೇಳುವ ಹಕ್ಕು ನನ್ನದಲ್ಲ, ನನ್ನ ತಂಗಿಯದು. ಇದೆಲ್ಲ ಶುರುವಾದಾಗ ಅವಳು ಎರಡು ತಿಂಗಳ ಕೂಸು. ನನಗೆ ಎಂಟು ತುಂಬಿತ್ತು. ಕಣ್ಣಾರೆ ಕಂಡವಳು ನಾನು. ಆದರೂ ಮದುವೆ ಮನೆಯಲ್ಲಿ, ಕ್ರಿಸ್ಮಸ್ಸಿಗೆ ಕರ್ಚಿಕಾಯಿ ಕರಿಯುವ ಒಲೆಯ ಮುಂದೆ, ಹೆಂಗಸರು ನಾಲ್ವರು ಕೂತಲ್ಲೆಲ್ಲ ಅದನ್ನು ಅವಳೇ ಹೇಳುತ್ತಿದ್ದಳು. ನಾನು ನಡುವೆ ಬಾಯಿ ಹಾಕಿದರೆ ಕೈ ಅಡ್ಡ ಹಿಡಿಯುತ್ತಿದ್ದಳು.

"ನೀ ಸುಮ್ಮ ಕುಂಡ್ರು ಅಕ್ಕಾ. ಅವತ್ತ ಕಣ್ಣ ಉರದದ್ದು ನಿನಗೋ, ನನಗೋ?"

ಇಡೀ ಆಯುಷ್ಯ ಸುಮ್ಮನೆ ಕೂತೆ.

ಹೋದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಅವಳ ಮೊಮ್ಮಗಳು ನನ್ನ ಪಕ್ಕದಲ್ಲಿ ಕೂತು, "ದೊಡ್ಡಾಯಿ, ಆ ಖಾರದ ಕಥಿ ಇನ್ನ ಯಾರು ಹೇಳೋರು?" ಎಂದು ಕೇಳಿದಳು. ಹೇಳಲು ಹೋದರೆ ಅವಳ ಕೈ ಅಡ್ಡ ಬಂದಂತಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೆಯ ಇಯತ್ತೆಯವರೆಗೆ ಮಾತ್ರ. ತಪ್ಪಿದ್ದಲ್ಲಿ ಓದುವವರು ತಿದ್ದಿಕೊಳ್ಳಬೇಕು. ಬರೆಯುವುದರಲ್ಲಿ ಒಂದು ಅನುಕೂಲವಿದೆ, ಯಾರೂ ಕೈ ಅಡ್ಡ ಹಿಡಿಯುವುದಿಲ್ಲ.

ಗೋಕಾಕ ಫಾಲ್ಸ್‌ನಲ್ಲಿ ಹೊಳೆ ಧುಮುಕುವ ಬಂಡೆಯ ಮೇಲೆ ನೂಲಿನ ಗಿರಣಿ ಇದೆ. ಗಿರಣಿಯಿಂದ ಗೋಕಾಕದ ದಾರಿ ಹಿಡಿದು ತುಸು ನಡೆದರೆ ನಮ್ಮ ಓಣಿ. ಆಗ ಅಲ್ಲಿದ್ದದ್ದು ಹದಿನಾಲ್ಕು ಮನೆ. ಅಪ್ಪ ಗಿರಣಿಯಲ್ಲಿ ನೂಲುವ ಖಾತೆಯಲ್ಲಿದ್ದ, ಅವ್ವ ನೂಲಿನ ಲಡಿ ಸುತ್ತುವ ಖಾತೆಯಲ್ಲಿ. ಬೆಳಗಿನ ಭೋಂಗಾ ಕೂಗಿತೆಂದರೆ ಇಬ್ಬರೂ ರೊಟ್ಟಿಯ ಗಂಟು ಹಿಡಿದು ಹೊರಡುತ್ತಿದ್ದರು. ಹಿಂದೆ ಉಳಿದ ನಮ್ಮನ್ನು ನೋಡಿಕೊಂಡವಳು ಆಯಿ, ಅಪ್ಪನ ತಾಯಿ. ಆಯಿ ಇದ್ದುದರಿಂದ ಅವ್ವನ ಕೆಲಸ ಉಳಿದಿತ್ತು, ನನ್ನ ಸಾಲಿ ಕಲಿಯುವುದೂ ಉಳಿದಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ನಮ್ಮ ಓಣಿಗೆ ಯೇಸುವಿನ ಹೆಸರು ಬಂದದ್ದು ನಾನು ಹುಟ್ಟುವ ಮೊದಲು. ಇಂಗ್ಲೆಂಡಿನ ಸಭೆಗೆ ಸೇರಿದ ಮಿಶನ್ನಿನ ಪಾದ್ರಿಗಳೊಬ್ಬರು ಹುಬ್ಬಳ್ಳಿ ಕಡೆಯಿಂದ ಬರುತ್ತಿದ್ದರು. ಬಿಳಿಯರಲ್ಲ, ನಮ್ಮ ಸೀಮೆಯವರೇ. ತಿಂಗಳಿಗೊಮ್ಮೆ ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ಸೈಕಲ್ ಸಮೇತ ಇಳಿದು, ಧೂಳು ಮೆತ್ತಿಕೊಂಡು ಓಣಿಗೆ ಬರುವರು. ಮೊದಲು ಆರಾಧನೆ ನಡೆದದ್ದು ಹುಣಸಿ ಗಿಡದ ಕೆಳಗೆ. ಹುಣಸಿಕಾಯಿ ಬಲಿತ ತಿಂಗಳಲ್ಲಿ ಮಕ್ಕಳ ಕಣ್ಣೆಲ್ಲ ಮೇಲೆಯೇ ಇರುತ್ತವೆಂದು ಪಾದ್ರಿಗಳು ನಮ್ಮ ಭಕ್ತಿಯನ್ನು ಬಹಳ ಹೊಗಳಿದ್ದರಂತೆ. ಆಮೇಲೆ ಗಿರಣಿಯವರು ಹತ್ತಿಯ ಅರಳೆ ಇಡುವ ಒಂದು ಹಳೆಯ ತಗಡಿನ ಕೋಣೆ ಸಿಕ್ಕಿತು. ಎರಡನೆಯ ಪಾಳಿ ಮುಗಿಸಿದವರು ನೇರವಾಗಿ ಅಲ್ಲಿಗೇ ಬರುತ್ತಿದ್ದರು, ತಲೆಯ ತುಂಬ ಹತ್ತಿಯ ಎಳೆ ಹೊತ್ತುಕೊಂಡು. ನನಗೆ ಬಹಳ ದಿನ ಒಂದು ತಿಳಿವಳಿಕೆ ಇತ್ತು: ಪ್ರಾರ್ಥನೆ ಮಾಡಿದವರ ಕೂದಲು ಬೆಳ್ಳಗಾಗುತ್ತದೆ ಎಂದು.

ಇನ್ನೊಂದು ಮಾತು. ಗಿರಣಿಯ ಯಂತ್ರದ ಸದ್ದಿನಲ್ಲಿ ದಿನವಿಡೀ ಕೂಗಿ ಕೂಗಿ ನಮ್ಮ ಮಂದಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಪಾಪವನ್ನು ಅರಿಕೆ ಮಾಡುವ ಪ್ರಾರ್ಥನೆಯನ್ನು ಇಡೀ ಸಭೆ ಒಟ್ಟಿಗೆ ಹೇಳಿದರೆ ಹೊಳೆಯಾಚೆ ಕೇಳಿಸುತ್ತಿತ್ತು.

"ತುಸು ಸಣ್ಣ ದನಿ ತಗೀರಿ. ದೇವರು ನಿಮ್ಮ ಗಿರಣ್ಯಾಗ ಕೆಲಸಕ್ಕಿಲ್ಲ, ಕಿವಿ ಛಲೋ ಅದಾವು" ಎನ್ನುತ್ತಿದ್ದರು ಪಾದ್ರಿಗಳು.

ಚರ್ಚು ಕಟ್ಟಲು ಜಾಗ ಕೊಟ್ಟವರು ಊರ ಗೌಡರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ದಿನಾ ಬೆಳಿಗ್ಗೆ ಪೂಜೆ ಮುಗಿಸದೆ ನೀರು ಮುಟ್ಟದವರು. ಓಣಿಯ ಅಂಚಿನಲ್ಲಿದ್ದ ಒಂದು ಚೂರು ಕಲ್ಲುನೆಲ ತೋರಿಸಿ, "ಅಲ್ಲೆ ಜ್ವಾಳ ಬೆಳೀಲಿಲ್ಲ, ಹತ್ತಿ ಬೆಳೀಲಿಲ್ಲ. ನಿಮ್ಮ ದೇವರರೆ ಬೆಳೀತಾನೇನು ನೋಡ್ರಿ" ಎಂದರಂತೆ. ಪಾಳಿ ಮುಗಿದ ಮೇಲೆ ಗಂಡಸರು ಕಲ್ಲು ಹೊತ್ತರು, ಹೆಂಗಸರು ಹೊಳೆಯಿಂದ ಉಸುಕು ತಂದರು. ಎರಡು ವರ್ಷ ಹಿಡಿಯಿತು. ಮೂವತ್ತು ಜನ ಕೂತರೆ ಮೂವತ್ತೊಂದನೆಯವರಿಗೆ ಹೊಸ್ತಿಲು. ಅಷ್ಟೇ ದೊಡ್ಡದು.

ಆಯಿ ಒಂದು ಬುಟ್ಟಿ ಉಸುಕನ್ನೂ ಹೊರಲಿಲ್ಲ. ಅಪ್ಪ, ಅವ್ವ, ನಾನು ಮೂವರೂ ದೀಕ್ಷಾಸ್ನಾನ ಮಾಡಿಸಿಕೊಂಡವರು. ಆಯಿ ಮಾತ್ರ ಆ ಕಡೆ ಸುಳಿದವಳಲ್ಲ. ಪಾದ್ರಿಗಳ ಮೇಲೆ ಸಿಟ್ಟೇನೂ ಇರಲಿಲ್ಲ. ಅವರು ಬಂದಾಗ ನೀರು, ಬೆಲ್ಲ ಕೊಡುವವಳು ಅವಳೇ. ಒಮ್ಮೆ ಅವರು, "ನೀವೂ ಬರ್ರೆಲ್ಲ ಆಯಿ" ಎಂದಾಗ ಅವಳು ಗೋಡೆಯ ಮಾಡದಲ್ಲಿದ್ದ ತನ್ನ ದೇವಿಯ ಕಡೆ ಬೆರಳು ಮಾಡಿದಳು.

"ನಿಮ್ಮ ದೇವರಿಗೆ ವಿಲಾಯತಿ ಮಂದಿ ಐತಿ, ಮುಂಬಯಿ ಮಂದಿ ಐತಿ. ಈಕಿಗೆ ನನ್ನ ಬಿಟ್ರ ಯಾರದಾರ್ರೀ?"

ಪಾದ್ರಿಗಳು ಬೆಲ್ಲ ಬಾಯಿಗೆ ಹಾಕಿಕೊಂಡರು.

ಕಟ್ಟಡ ಮುಗಿದ ವರ್ಷ ಚಳಿಗಾಲದಲ್ಲಿ, ಪ್ರತಿಷ್ಠೆಗೆ ಮುಂಬಯಿಯಿಂದ ಬಿಷಪ್ಪರು ಬರುವುದೆಂದು ನಿಶ್ಚಯವಾಯಿತು. ಪ್ರತಿಷ್ಠೆಯ ದಿನವೇ ನನ್ನ ತಂಗಿಯ ದೀಕ್ಷಾಸ್ನಾನ. ಹೊಸ ಚರ್ಚಿನಲ್ಲಿ ಅದೇ ಮೊದಲನೆಯದು. ಅದಕ್ಕೆ ನೀರು ತುಂಬುವ ಒಂದು ಕಲ್ಲಿನ ಪಾತ್ರೆ ಬೇಕು. ತಾಮ್ರದ ಹಂಡೆ, ಮಣ್ಣಿನ ಗಡಿಗೆ ನಡೆಯದು. ಕಲ್ಲಿನದೇ ಆಗಬೇಕೆಂಬುದು ಆ ಸಭೆಯ ಹಳೆಯ ಪದ್ಧತಿ. ಪಾದ್ರಿಗಳು ಗೋಕಾಕದ ಒಬ್ಬ ಕಲ್ಲುಕುಟಿಗನಿಗೆ ಹೇಳಿ ಬಂದಿದ್ದರು. ಅವನು ಹುಟ್ಟಿದಾಗಿನಿಂದ ಮಾಡಿದ್ದು ಬೀಸುವ ಕಲ್ಲು, ದನಕ್ಕೆ ನೀರಿಡುವ ಬಾನಿ, ಇವೆರಡೇ. ಇದು ಯಾತಕ್ಕೆಂದು ಅವನು ಕೇಳಿದಾಗ ಯಾರೋ, "ನೀರಾಗ ಮುಳುಗಿಸಿ ದೀಕ್ಷಾ ಕೊಡ್ತಾರಂತ" ಎಂದರಂತೆ. ಪ್ರತಿಷ್ಠೆಗೆ ಎರಡು ದಿನ ಇರುವಾಗ ಎರಡು ಜೋಡಿ ಎತ್ತಿನ ಚಕ್ಕಡಿಯಲ್ಲಿ ಅದು ಬಂತು. ಒಂದು ಎಮ್ಮೆ ಆರಾಮಾಗಿ ಮಲಗಬಹುದಾದಂಥ ಬಾನಿ. ಚರ್ಚಿನ ಬಾಗಿಲಿಗೆ ಅಡ್ಡ ಹಿಡಿದರು, ಉದ್ದ ಹಿಡಿದರು, ಒಳಗೆ ಹೋಗಲಿಲ್ಲ.

"ಇಷ್ಟ ದೊಡ್ಡದು ಯಾಕ ಮಾಡಿದ್ಯೋ ಮಾರಾಯಾ?" ಎಂದ ಅಪ್ಪ.

"ಮನಶ್ಯಾನ್ನ ಮುಳಗಸೂದಂದ್ರ ಇಷ್ಟರೆ ಬೇಕಲ್ರಿ. ನಾ ಒಳಗ ಮಲಗಿ ನೋಡೀನಿ, ಬರೋಬ್ಬರಿ ಐತಿ" ಎಂದ ಅವನು.

ಆ ಬಾನಿ ಹೊರಗೇ ಉಳಿಯಿತು. ಓಣಿಯ ದನಗಳು ಇವತ್ತಿಗೂ ಅದರಲ್ಲೇ ನೀರು ಕುಡಿಯುತ್ತವೆ.

ಬಿಷಪ್ಪರು ಬರಲು ಒಂದೇ ದಿನ. ಪಾದ್ರಿಗಳು ನಮ್ಮ ಮನೆಯ ಕಟ್ಟೆಯ ಮೇಲೆ ತಲೆಗೆ ಕೈ ಹೊತ್ತು ಕೂತರು. ಆಗ ಅಪ್ಪನ ಕಣ್ಣು ಪಡಸಾಲೆಯ ಮೂಲೆಗೆ ಹೋಯಿತು. ಅಲ್ಲಿ ನೆಲದಲ್ಲಿ ಕುತ್ತಿಗೆಯವರೆಗೆ ಹೂತ ಆಯಿಯ ಒಳ್ಳು ಇತ್ತು. ಒಳ್ಳು ಎಂದರೆ ಒರಳು, ಒನಕೆಯಿಂದ ಕುಟ್ಟುವ ಕಲ್ಲು. ಹದಿನಾಲ್ಕು ಮನೆಯ ಖಾರವೂ ಅದರಲ್ಲೇ ಆಗಬೇಕು. ಬೇಸಿಗೆ ಬಂತೆಂದರೆ ಹುಕ್ಕೇರಿ ಕಡೆಯಿಂದ ಕೆಂಪು ಮೆಣಸಿನಕಾಯಿ ಬರುತ್ತಿತ್ತು; ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಸರದಿಯಲ್ಲಿ ಕುಟ್ಟುತ್ತಿದ್ದರು. ಆ ತಿಂಗಳು ನಮ್ಮ ಮನೆಯಲ್ಲಿ ಬೆಕ್ಕು ಕೂಡ ಸೀನುತ್ತಿತ್ತು.

ಅದನ್ನು ಕಡೆದವನು ನನ್ನ ಅಜ್ಜ. ಅಂಕಲಗಿಯಿಂದ ಕಲ್ಲು ಕೆಲಸಕ್ಕೆಂದು ಫಾಲ್ಸ್‌ಗೆ ಬಂದು, ಈ ಗುಡಿಸಲು ಹಾಕಿ, ನೆಲದಲ್ಲಿ ಒಳ್ಳು ಹೂತು, ಆಮೇಲೆ ಊರಿಗೆ ಹೋಗಿ ಆಯಿಯನ್ನು ಮದುವೆಯಾಗಿ ಕರೆತಂದವನು. ಅಪ್ಪನಿಗೆ ಮೀಸೆ ಬರುವ ಮೊದಲೇ ಬಂಡೆಯಿಂದ ಜಾರಿ ಸತ್ತಿದ್ದ. ಆಯಿಯ ಹತ್ತಿರ ಅವನದೆಂದು ಉಳಿದದ್ದು ಆ ಕಲ್ಲೊಂದೇ.

"ಯವ್ವಾ, ಒಳ್ಳು ಎರಡ ದಿನ ಕೊಡ್ತೀಯೇನು?" ಎಂದು ಅಪ್ಪ ಕೇಳಿದ.

"ಯಾಕ? ನಿಮ್ಮ ಬಿಷಪ್ಪ ಖಾರ ಕುಟ್ಟತಾನೇನು?"

ಪಾದ್ರಿಗಳೇ ಎದ್ದು ವಿಷಯ ಹೇಳಿದರು. ಹೊಸ ಕಲ್ಲು ಮಾಡಿಸುವವರೆಗೆ ಅಲ್ಲ, ಬರೀ ಆ ಒಂದು ದಿನಕ್ಕೆ. ಸೋಮವಾರ ಬೆಳಿಗ್ಗೆ ಹೊಳ್ಳಿ ತಂದು ಇದ್ದಲ್ಲೇ ಹೂಳುತ್ತೇವೆ ಎಂದರು. ಆಯಿ ಬಹಳ ಹೊತ್ತು ಕೂಸಿನ ಮುಖ ನೋಡಿದಳು.

"ಈಕಿ ಸಲುವಾಗಿ ಕೊಡ್ತೇನಿ. ಎರಡ ಮಾತು ನೆಪ್ಪಿಡ್ರಿ. ಸೋಮವಾರ ನನ್ನ ಕಲ್ಲು ನನಗ ಬರಬೇಕು. ಮತ್ತ ಅದರಾಗ ಬಿಸಿನೀರು ಹಾಕಬ್ಯಾಡ್ರಿ. ಮೂವತ್ತ ವರ್ಷದ ಖಾರ ಕುಡದೈತಿ ಅದು, ಬಿಸಿ ತಾಗಿದ್ರ ಕಾರತೈತಿ."

ಅಪ್ಪ ಎರಡಕ್ಕೂ ತಲೆಯಾಡಿಸಿದ. ಎರಡನ್ನೂ ಮರೆತ.

ಆರು ಜನ ಸೇರಿ ಅಗೆದು ಒಳ್ಳನ್ನು ಎತ್ತಿದರು. ಅಂಗಳಕ್ಕೆ ತಂದು ನೀರು ಸುರಿದಾಗ ಮಣ್ಣು ಕಳಚಿತು. ಎಲ್ಲರೂ ಬಗ್ಗಿ ನೋಡಿದರು. ಕಲ್ಲಿನ ಹೊರಮೈಯಲ್ಲಿ, ಇಷ್ಟು ವರ್ಷ ಮಣ್ಣಿನೊಳಗಿದ್ದ ಭಾಗದಲ್ಲಿ, ಸುತ್ತಲೂ ಒಂದು ಬಳ್ಳಿ ಕೆತ್ತಿತ್ತು. ಬಳ್ಳಿಯ ನಡುವೆ ಎರಡು ಹಕ್ಕಿ, ಒಂದರ ಕಡೆ ಒಂದು ಮುಖ ಮಾಡಿದ್ದವು. ಎಲೆಯ ನರಗಳು ಕೂಡ ಕಾಣುತ್ತಿದ್ದವು.

"ಪಾರಿವಾಳ" ಎಂದರು ಪಾದ್ರಿಗಳು ಹಿಗ್ಗಿ. "ಪವಿತ್ರಾತ್ಮನ ಗುರುತು. ದೇವರ ಏರ್ಪಾಡು ನೋಡ್ರಿ."

"ಗಿಣಿ" ಎಂದಳು ಆಯಿ. "ಕೊಕ್ಕು ನೋಡ್ರಿ."

"ನಿಮಗ ಮೊದಲ ಗೊತ್ತಿತ್ತೇನು ಆಯಿ?"

"ನಾ ಬರೂದ್ರಾಗ ಹುಗದಿದ್ದ. ನನಗೆಲ್ಲಿ ಗೊತ್ತು?" ಇಷ್ಟು ಹೇಳಿ ಅವಳು ಒಳಗೆ ಹೋದಳು. ಮಣ್ಣಿನಲ್ಲಿ ಮುಚ್ಚಿಹೋಗುವ ಕಲ್ಲಿಗೆ ಅಜ್ಜ ಯಾಕೆ ಇಷ್ಟು ಕಷ್ಟಪಟ್ಟ ಎಂದು ಅಪ್ಪ ಕೇಳಿದ. ಒಳಗಿನಿಂದ ಅವಳ ದನಿ ಮಾತ್ರ ಬಂತು. "ಅಂವಾ ಹಂಗ ಇದ್ದ."

ಅವ್ವ ಮತ್ತು ಓಣಿಯ ಹೆಂಗಸರು ಒಳ್ಳನ್ನು ಬೂದಿ ಹಾಕಿ ತಿಕ್ಕಿದರು, ಹುಣಸಿಹಣ್ಣು ಹಾಕಿ ತಿಕ್ಕಿದರು. ಮೂಸಿ ನೋಡಿದರೆ ಏನೂ ವಾಸನೆಯಿರಲಿಲ್ಲ. ಗೌಡರ ಚಕ್ಕಡಿಯಲ್ಲಿ ಅದು ಚರ್ಚಿಗೆ ಹೋಯಿತು.

ಪ್ರತಿಷ್ಠೆಯ ಬೆಳಿಗ್ಗೆ ಕೊರೆಯುವ ಚಳಿ. ಬಿಷಪ್ಪರು ಎತ್ತರದ ಮುದುಕರು, ಮುಖವೆಲ್ಲ ಕೆಂಪು. ಗಿರಣಿಯ ಮೋಟಾರಿನಲ್ಲಿ ಬಂದಿಳಿದರು. ಹೊಸ್ತಿಲಲ್ಲಿ ನಮ್ಮ ಚಪ್ಪಲಿಗಳ ರಾಶಿ ಕಂಡು ಅವರೂ ಕೂತು ಬೂಟಿನ ದಾರ ಬಿಚ್ಚಿದರು. ಅವರ ಕಾಲುಚೀಲದಲ್ಲಿ ಹೆಬ್ಬೆರಳ ಹತ್ತಿರ ತೂತಿತ್ತು. ಮುಂಬಯಿಯ ದೊಡ್ಡ ಗುರುಗಳಿಗೂ ಹೊಲಿದುಕೊಡುವವರಿಲ್ಲ ಎಂದು ಅವ್ವ ಎಷ್ಟೋ ದಿನ ಮರುಗಿದಳು.

ಬಿಷಪ್ಪರು ಇಂಗ್ಲಿಷಿನಲ್ಲಿ ಪ್ರಾರ್ಥನೆ ಹೇಳುತ್ತ ಒಂದೊಂದರ ಮೇಲೂ ಕೈಯೆತ್ತಿ ಮುಂದೆ ನಡೆದರು, ಬಾಗಿಲು, ಮೇಜು, ಓದುವ ಪೀಠ. ಪಾದ್ರಿಗಳು ಹಿಂದೆಯೇ ಕನ್ನಡ ಮಾಡುತ್ತ ಬಂದರು. ಒಳ್ಳಿನ ಮುಂದೆಯೂ ನಿಂತು ಕೈಯೆತ್ತಿದರು. ಈ ಕಲ್ಲು ಇನ್ನು ಮೇಲೆ ದೇವರ ಕೆಲಸಕ್ಕಲ್ಲದೆ ಬೇರೆ ಯಾವ ಕೆಲಸಕ್ಕೂ ಸಲ್ಲದಿರಲಿ ಎಂಬ ಮಾತನ್ನು ಪಾದ್ರಿಗಳು ತಮ್ಮ ಬಾಯಿಂದಲೇ ಸೊಗಸಾಗಿ ಕನ್ನಡ ಮಾಡಿದರು. ಅದು ಕಡ ತಂದ ಕಲ್ಲು ಎಂಬುದು ಅವರಿಗೆ ಹೊಳೆದದ್ದು ನಾವೆಲ್ಲ "ಆಮೆನ್" ಎಂದು ಕೂಗಿದ ಮೇಲೆ. ಅಪ್ಪನ ಮುಖ ನೋಡಿದರು. ಅಪ್ಪ ಮಾಡಿನ ಹಂಚು ಎಣಿಸುತ್ತಿದ್ದ.

ಕೂಸಿಗೆ ಚಳಿಯಾದೀತೆಂದು, ಆಯಿಯ ಮಾತು ಮರೆತು, ಪಾದ್ರಿಗಳೇ ನೀರು ಕಾಯಿಸಲು ಹೇಳಿದ್ದರು. ಹಬೆಯಾಡುವ ನೀರು ಒಳ್ಳಿಗೆ ಬಿತ್ತು. ಉಳಿದ ವಿಧಿಗಳು ಮುಗಿಯುವಷ್ಟರಲ್ಲಿ ಅದು ಉಗುರುಬೆಚ್ಚಗಾಗಿತ್ತು; ಕಲ್ಲು ತನ್ನ ಕೆಲಸವನ್ನೂ ಮುಗಿಸಿತ್ತು. ಬಿಷಪ್ಪರು ತಂಗಿಯನ್ನು ಎಡಗೈಯಲ್ಲಿ ಹಿಡಿದು ತಲೆಯ ಮೇಲೆ ಮೂರು ಸಲ ನೀರು ಹೊಯ್ದರು. ಒಂದು ಕ್ಷಣ ಅವಳು ಸುಮ್ಮನಿದ್ದಳು. ಆಮೇಲೆ ಕಿರುಚಿದಳು ನೋಡಿ, ಗಿರಣಿಯ ಭೋಂಗಾ ನಾಚಬೇಕು. ನಮ್ಮ ಸಭೆಗೆ ತಕ್ಕ ಗಂಟಲು ಎಂದು ಹಿಂದಿನಿಂದ ಯಾರೋ ಮೆಚ್ಚಿದರು. ಬಿಷಪ್ಪರು ಅವಳನ್ನು ಸಮಾಧಾನ ಮಾಡುತ್ತ ಅದೇ ಒದ್ದೆ ಕೈಯಿಂದ ತಮ್ಮ ಕಣ್ಣು ಒರೆಸಿಕೊಂಡರು. ಅವರ ಕಣ್ಣಿಂದಲೂ ನೀರು ಇಳಿಯತೊಡಗಿತು. ಒರೆಸಿದಷ್ಟೂ ಹೆಚ್ಚಾಯಿತು. ಅಷ್ಟು ದೊಡ್ಡ ಗುರುಗಳು ನಮ್ಮ ಓಣಿಯ ಕೂಸಿಗಾಗಿ ಅಳುವುದನ್ನು ಕಂಡು ಸಭೆಗೆ ಸಭೆಯೇ ಅತ್ತಿತು. ಗಿರಣಿಯ ಸಾಹೇಬರ ಹೆಂಡತಿ ಕೂಡ ಕರವಸ್ತ್ರ ತೆಗೆದಳು.

ನಾನು ಕಿಟಕಿಯ ಕಡೆ ನೋಡಿದೆ. ಆಯಿ ಹೊರಗೆ ನಿಂತಿದ್ದಳು, ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಅವಳ ಭುಜಗಳು ಕುಲುಕುತ್ತಿದ್ದವು. ಅಲ್ಲಿ ಅಳದೆ ಇದ್ದವಳು ಅವಳೊಬ್ಬಳೇ.

ನಗು ಸೋಮವಾರದವರೆಗೆ ಮಾತ್ರ ಬಾಳಿತು. ಬೆಳಿಗ್ಗೆ ಅಪ್ಪ ಕಲ್ಲು ತರದೆಯೇ ಗಿರಣಿಗೆ ಹೊರಟದ್ದನ್ನು ಆಯಿ ನೋಡಿದಳು. ಕೂಸನ್ನು ಎತ್ತಿಕೊಂಡು, ನನ್ನ ಕೈ ಹಿಡಿದು ನೇರವಾಗಿ ಚರ್ಚಿಗೆ ನಡೆದಳು. ಹಾಗೆ ಅವಳು ಮೊದಲ ಸಲ ಆ ಹೊಸ್ತಿಲು ದಾಟಿದಳು. ಪಾದ್ರಿಗಳು ರೈಲಿಗೆ ಹೊರಡುವ ಆತುರದಲ್ಲಿದ್ದರು. ಅವಳನ್ನು ಕಂಡು ಸೈಕಲ್ಲಿನ ಗಾಳಿ ನೋಡತೊಡಗಿದರು.

"ನನ್ನ ಕಲ್ಲು" ಎಂದಳು ಆಯಿ.

"ಆಯಿ, ಅದನ್ನ ಬಿಷಪ್ಪರು ಮಂತ್ರಿಸಿಬಿಟ್ಟಾರ್ರಿ. ದೇವರಿಗೆ ಕೊಟ್ಟದ್ದನ್ನ ಹೊಳ್ಳಿ ಮನಿ ಕೆಲಸಕ್ಕ ಹಚ್ಚಾಕ ಬರಂಗಿಲ್ಲ."

"ನಾ ಎಲ್ಲಿ ದೇವರಿಗೆ ಕೊಟ್ಟೇನ್ರಿ? ನಿಮಗ ಕಡಾ ಕೊಟ್ಟೇನಿ. ಕಡಾ ತಂದದ್ದು ಹೊಳ್ಳಿ ಕೊಡಬೇಕು ಅನ್ನೂದು ನಿಮ್ಮ ಪುಸ್ತಕದಾಗ ಇಲ್ಲೇನು?"

ಪಾದ್ರಿಗಳು ಸೈಕಲ್ ಬಿಟ್ಟು ಕೈ ಮುಗಿದರು. "ಐತ್ರಿ. ತಪ್ಪು ನಂದು. ಅವರ ಮುಂದ ಹೇಳಾಕ ನನಗ ಧೈರ್ಯ ಆಗಲಿಲ್ಲ. ಬಿಷಪ್ಪರಿಗೆ ಪತ್ರ ಬರೀತೇನಿ. ಖಾರದ್ದೂ ಬರೀತೇನಿ. ಅವರು ಹ್ಯಾಂಗಂತಾರೋ ಹಂಗ."

"ಉತ್ತರ ಬರೂತನಕ ಇರ್ತೇನಿ" ಎಂದಳು ಆಯಿ. "ಕಲ್ಲು ಬರಂಗಿಲ್ಲ ಅಂತ ತಿಳಿದ ದಿನ ನಾ ಅಂಕಲಗಿ ಮಗಳ ಮನಿಗೆ ಹೋಗ್ತೇನಿ. ಅಂವನ ಕಲ್ಲಿಲ್ಲದ ಮನ್ಯಾಗ ನನ್ನದೇನೈತಿ?"

ಆ ಮಾತು ಕೇಳಿ ಅವ್ವ ಅಂದು ರೊಟ್ಟಿ ಸುಟ್ಟು ಕರಕು ಮಾಡಿದಳು. ಆಯಿ ಹೋದರೆ ಕೂಸನ್ನು ನೋಡುವವರಿಲ್ಲ. ಅವ್ವ ಗಿರಣಿ ಬಿಡಬೇಕು, ಇಲ್ಲವೇ ನಾನು ಸಾಲಿ ಬಿಡಬೇಕು. ಯಾರು ಬಿಡಬೇಕೆಂಬುದು ನನಗೂ ಗೊತ್ತಿತ್ತು.

ಉತ್ತರ ಬೇಗ ಬರಲಿಲ್ಲ. ಬಿಷಪ್ಪರು ವಿಲಾಯತಿಗೆ ಹೋಗಿದ್ದಾರೆ, ಪತ್ರ ಹಡಗಿನಲ್ಲಿ ಹೋಗಿ ಹಡಗಿನಲ್ಲಿ ಬರಬೇಕು ಎಂದು ಪಾದ್ರಿಗಳು ಹೇಳಿದರು. ಪಡಸಾಲೆಯ ಮೂಲೆಯಲ್ಲಿ ಒಳ್ಳು ಇದ್ದಲ್ಲಿ ತಗ್ಗು ಹಾಗೇ ಬಾಯಿ ತೆರೆದುಕೊಂಡಿತ್ತು. ಅಪ್ಪ ಎರಡು ಸಲ ಕಾಲು ಉಳುಕಿಸಿಕೊಂಡ. ಮುಚ್ಚೋಣವೇ ಎಂದರೆ, "ಯಾಕ? ಕಲ್ಲು ಬರೂದೈತಿ" ಎನ್ನುವಳು ಆಯಿ. ಅಂಕಲಗಿಗೆಂದು ಕಟ್ಟಿಟ್ಟ ಆಯಿಯ ಸೀರೆಯ ಗಂಟು ಗೂಟದ ಮೇಲೆ ಹಾಗೇ ಇತ್ತು. ನಾನು ಸಾಲಿಯಿಂದ ಬಂದವಳೇ ಮೊದಲು ಆ ಗೂಟ ನೋಡುತ್ತಿದ್ದೆ.

ಬೇಸಿಗೆ ಬಂತು. ಮೆಣಸಿನಕಾಯಿ ಬಂತು, ಕುಟ್ಟಲು ಒಳ್ಳಿಲ್ಲ. ಗೋಕಾಕದಿಂದ ಹೊಸತೊಂದು ತಂದರು. ಹೊಸ ಕಲ್ಲು ಪುಡಿ ಬಿಟ್ಟು ಖಾರದ ತುಂಬ ಮರಳು ಸೇರಿತು. ಓಣಿಯ ಗಂಡಸರು ಊಟ ಮಾಡುವಾಗ ಹಲ್ಲಿನ ಸದ್ದು ಹೊರಗೆ ಕೇಳುತ್ತಿತ್ತು. ಯಾರೂ ತಕರಾರು ಮಾಡಲಿಲ್ಲ. ಮಾಡಿದರೆ, "ಹೋಗಿ ನಿಮ್ಮ ಬಿಷಪ್ಪನ್ನ ಕೇಳ್ರಿ" ಎಂಬ ಉತ್ತರ ಸಿದ್ಧವಿತ್ತು.

ಆ ತಿಂಗಳುಗಳಲ್ಲಿ ಎರಡು ಸಂಗತಿ ನಡೆದವು. ಒಂದು, ಆಯಿ ದಿನವೂ ಸಂಜೆ ಚರ್ಚಿಗೆ ಹೋಗತೊಡಗಿದಳು. ಪ್ರಾರ್ಥನೆಗಲ್ಲ, ಕಲ್ಲಿಗೆ ಯಾರಾದರೂ ಪೆಟ್ಟು ಹಾಕಿದ್ದಾರೇನು ಎಂದು ನೋಡುವುದಕ್ಕೆ. ಹೋದವಳು ಸುಮ್ಮನೆ ಬರುತ್ತಿರಲಿಲ್ಲ. ಸೆರಗಿನ ತುದಿಯಿಂದ ಬಳ್ಳಿಯ ಸಂದಿಯ ಧೂಳು ತೆಗೆಯುವಳು, ಗಿಣಿಗಳ ಕಣ್ಣು ಒರೆಸುವಳು. ಧೂಳು ಹಾರಿ ಬರುತ್ತದೆಂದು ಸುತ್ತಲ ನೆಲ ಗುಡಿಸುವಳು. ಆಮೇಲೆ ಆಚೆಯ ನೆಲದಿಂದ ಧೂಳು ಬರುತ್ತದೆಂದು ಇಡೀ ಚರ್ಚು ಗುಡಿಸುವಳು.

ಎರಡನೆಯದು, ಆಯಿ ತಂಗಿಗೆ ಕೂರುವುದನ್ನು ಕಲಿಸಿದ್ದು. ಹಳೆಯ ಸೀರೆ ಮಡಿಸಿ ಒಳ್ಳಿನ ತಗ್ಗಿನಲ್ಲಿ ಹಾಸಿ ಅವಳನ್ನು ಅದರೊಳಗೆ ಕೂರಿಸಿಬಿಡುತ್ತಿದ್ದಳು. ಎದೆಮಟ್ಟದ ತಗ್ಗು, ಈ ಕಡೆ ವಾಲುವಂತಿಲ್ಲ, ಆ ಕಡೆ ಬೀಳುವಂತಿಲ್ಲ. ತಂಗಿ ಎರಡೂ ಕೈ ನೆಲದ ಮೇಲಿಟ್ಟು ಗದ್ದಿಗೆಯೇರಿದ ದೇಸಾಯಿಯ ಹಾಗೆ ಎಲ್ಲರನ್ನೂ ನೋಡುವಳು. ತೆಗೆದರೆ ಅಳು, ಇಟ್ಟರೆ ನಗು.

ಈಸ್ಟರ್ ಕಳೆದ ಒಂದು ರವಿವಾರ ಮೂಡಲಗಿ ಕಡೆಯಿಂದ ಗಂಡ ಹೆಂಡತಿ ಇಬ್ಬರು ಕೂಸಿನ ದೀಕ್ಷಾಸ್ನಾನಕ್ಕೆಂದು ಬಂದರು. ಕಬ್ಬು ಕಡಿಯುವವರು, ಬಹಳ ದೂರ ನಡೆದಿದ್ದರು. ಆರಾಧನೆಗೆ ಇನ್ನೂ ಹೊತ್ತಿತ್ತು. ಆಯಿ ಕಲ್ಲು ಒರೆಸುತ್ತಿದ್ದಳು, ನಾನು ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಆ ಕೂಸಿನ ತಾಯಿ, ಇನ್ನೂ ಹುಡುಗಿ, ಬಂದು ಅದನ್ನು ಭುಜಕ್ಕೆ ಏರಿಸಿಕೊಂಡು ಕಲ್ಲಿನ ಮುಂದೆ ಕೂತಳು, ಬಳ್ಳಿಯ ಮೇಲೆ ಬೆರಳಾಡಿಸಿದಳು.

"ಎಷ್ಟ ಚಂದ ಗಿಣಿ ಮಾಡ್ಯಾನಲ್ರಿ. ಯಾರಬೇ ಆಯಿ ಮಾಡಿದಾಂವಾ?"

ಆಯಿಯ ಹೊರತು, ಪಾರಿವಾಳ ಎನ್ನದೆ ಗಿಣಿ ಎಂದವಳು ಅವಳೇ ಮೊದಲು. ಆಯಿ ಒರೆಸುವುದನ್ನು ನಿಲ್ಲಿಸಿದಳು.

"ನನ್ನ ಗಂಡ" ಎಂದಳು.

ಆ ಎರಡು ಪದ ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಮನೆಯಲ್ಲಿ 'ಅಂವಾ' ಎಂದಷ್ಟೇ ಅನ್ನುತ್ತಿದ್ದಳು. ಆ ಹುಡುಗಿ ಅಜ್ಜನ ಬಗ್ಗೆ ಇನ್ನೂ ಕೇಳಿದಳು, ಆಯಿ ಹೇಳಿದಳು: ಎಷ್ಟು ಎತ್ತರ ಇದ್ದ, ಯಾವ ಬಂಡೆ ಒಡೆದ, ರೊಟ್ಟಿಗೆ ಏನು ಹಚ್ಚಿಕೊಂಡು ತಿನ್ನುತ್ತಿದ್ದ. ಪಾದ್ರಿಗಳು ಬಂದು ನಿಂತರೂ ಮುಗಿಸಲಿಲ್ಲ. ಆರಾಧನೆ ತಡವಾಗಿ ಶುರುವಾಯಿತು. ಅಂದು ನೀರು ತಣ್ಣಗಿತ್ತು. ಆಯಿ ತಾನೇ ಬೆರಳು ಅದ್ದಿ, ತನ್ನ ಕಣ್ಣಿಗೆ ಹಚ್ಚಿ ಪರೀಕ್ಷಿಸಿ, "ಹೂಂ" ಎಂದ ಮೇಲೆಯೇ ಪಾದ್ರಿಗಳು ಪುಸ್ತಕ ತೆರೆದದ್ದು.

ಮುಂದಿನ ತಿಂಗಳು ಬಿಷಪ್ಪರ ಪತ್ರ ಬಂತು. ಪಾದ್ರಿಗಳು ನಮ್ಮ ಪಡಸಾಲೆಯಲ್ಲಿ ಕೂತು ಓದಿ ಕನ್ನಡದಲ್ಲಿ ಹೇಳಿದರು. ಅಪ್ಪ, ಅವ್ವ ಗೋಡೆಗೆ ಒರಗಿ ನಿಂತಿದ್ದರು. ಪ್ರತಿಷ್ಠೆಯ ದಿನ ಬೆಳಗಾವಿ ಮುಟ್ಟುವವರೆಗೆ ನನ್ನ ಕಣ್ಣು ಉರಿಯಿತು, ದಾರಿಯ ಧೂಳೆಂದು ತಿಳಿದಿದ್ದೆ; ಈಗ ನಿಜ ತಿಳಿದು ನಾನೂ ನನ್ನ ಮನೆಯವರೂ ಬಹಳ ನಕ್ಕೆವು ಎಂದು ಅವರು ಬರೆದಿದ್ದರು. ಆಮೇಲೆ, ಕೊಡದ ವಸ್ತುವನ್ನು ದೇವರು ಇಟ್ಟುಕೊಳ್ಳುವುದಿಲ್ಲ, ಕಲ್ಲು ಆ ತಾಯಿಯದು, ಅವರು ಕೇಳಿದರೆ ಅಂದೇ ಮನೆಗೆ ಮುಟ್ಟಿಸಿ, ಅಲ್ಲಿ ಅದರ ಹಿಂದಿನ ಕೆಲಸ ನಡೆಯಲಿ ಎಂದು ಬರೆದಿದ್ದರು.

"ನಾಳೆನ ತರಸ್ತೇನಿ ಆಯಿ" ಎಂದರು ಪಾದ್ರಿಗಳು.

ಆಯಿ ತಗ್ಗಿನ ಕಡೆ ನೋಡುತ್ತಿದ್ದಳು. "ತಂದು?"

"ಇದ್ದಲ್ಲೇ ಹುಗೀತೇವಿ. ಮೊದಲಿನಂಗ."

"ಹುಗದ್ರ ಗಿಣಿ ಕಾಣಂಗಿಲ್ಲ."

"ಮ್ಯಾಲ ಇಡಾಕ ಬರಂಗಿಲ್ಲೇನು ಯವ್ವಾ?" ಎಂದ ಅಪ್ಪ.

"ಮ್ಯಾಲ ಇಟ್ಟ ಒಳ್ಳಿನ್ಯಾಗ ಕುಟ್ಟಿದ್ರ ಉಳ್ಳಾಡತೈತಿ. ಗಿರಣ್ಯಾಗಿದ್ದು ಇದ್ದು ಬುದ್ಧಿ ನೂಲಾಗೇತಿ ನಿಂದು."

ನಾನು ಗೂಟದ ಮೇಲಿನ ಗಂಟನ್ನೇ ನೋಡುತ್ತಿದ್ದೆ.

"ಅಲ್ಲೇ ಇರಲಿ" ಎಂದಳು ಆಯಿ ಕೊನೆಗೆ. "ಈಗ ನಾನ ಕೊಡಾಕತ್ತೇನಿ, ಕಡಾ ಅಲ್ಲ. ಆದ್ರ ತೊಳೆಯಾಕಿ ನಾನ. ಬ್ಯಾರೆ ಯಾರೂ ಮುಟ್ಟಬಾರದು. ಮತ್ತ ಬಿಸಿನೀರು..."

"ಹಾಕಂಗಿಲ್ರಿ" ಎಂದರು ಪಾದ್ರಿಗಳು ತಟ್ಟನೆ. ಸಂತೋಷದಲ್ಲಿ ಒಂದು ಹೆಜ್ಜೆ ಮುಂದೆ ಹೋದರು. "ಹಂಗಾದ್ರ ಆಯಿ, ನೀವೂ ಒಂದಿನ ಆ ಕಲ್ಲಿನ ಮುಂದ..."

"ಕಲ್ಲು ಕೊಟ್ಟೇನಿ, ತಲಿ ಕೊಟ್ಟಿಲ್ಲ" ಎಂದಳು ಆಯಿ. ಬೆಲ್ಲ ತರಲು ಎದ್ದಳು.

ತಲೆಯನ್ನು ಅವಳು ಕೊನೆಗೂ ಕೊಡಲಿಲ್ಲ. ಕೈಯಲ್ಲಿ ಬಲವಿರುವವರೆಗೂ ದಿನಾ ಸಂಜೆ ಹೋಗಿ ಕಲ್ಲು ತೊಳೆದಳು. ಇಡೀ ಚರ್ಚು ಗುಡಿಸಿದಳು. ಮನೆಗೆ ಬಂದು ತನ್ನ ದೇವಿಗೆ ದೀಪ ಹಚ್ಚಿದಳು.

ಅಂದು ಪಾದ್ರಿಗಳು ಹೋದ ಮೇಲೆ ಅವಳು ಗೂಟದ ಮೇಲಿನ ಗಂಟು ಬಿಚ್ಚಿ ಸೀರೆಗಳನ್ನು ಹಗ್ಗಕ್ಕೆ ಹಾಕಿದಳು. ಹಿತ್ತಲಿಂದ ಬುಟ್ಟಿಯಲ್ಲಿ ಮಣ್ಣು ತಂದಳು. ತಂಗಿ ತಗ್ಗಿನಲ್ಲಿ ಕೂತಿದ್ದಳು, ಕೈಯಲ್ಲಿ ರೊಟ್ಟಿಯ ಚೂರು. ಆಯಿ ಕಂಕುಳಿಗೆ ಕೈ ಹಾಕಿ ಎತ್ತಿದ್ದೇ ತಡ, ಅದೇ ಕಿರುಚಾಟ, ಖಾರ ಬಿದ್ದ ದಿನದ್ದು. ಕಾಲು ಝಾಡಿಸಿದಳು, ಆಯಿಯ ಕೂದಲು ಹಿಡಿದಳು. ಅದು ಅವಳ ಜಾಗ, ಬಿಡಲು ಮನಸ್ಸಿರಲಿಲ್ಲ.

"ತಗೋ, ಹಿಡಿ ನಿನ್ನ ತಂಗೀನ" ಎಂದಳು ಆಯಿ ನನಗೆ. "ಗಟ್ಟಿ ಹಿಡಿ."

ಹಿಡಿದೆ. ಅವಳು ಎಷ್ಟು ಭಾರವಿದ್ದಳೆಂದರೆ ನಾನು ಗೋಡೆಗೆ ಒರಗಬೇಕಾಯಿತು. ಆಯಿ ಬುಟ್ಟಿ ಬಗ್ಗಿಸಿದಳು. ಮಣ್ಣು ಬೀಳುವ ಸದ್ದಿಗೆ ತಂಗಿ ಅಳು ನಿಲ್ಲಿಸಿ ಕತ್ತು ಚಾಚಿ ನೋಡಿದಳು. ಒಂದೊಂದು ಬುಟ್ಟಿ ಬಿದ್ದಾಗಲೂ ಅವಳಿಗೆ ನಗು. ನನ್ನ ಕೈ ನೋಯುತ್ತಿತ್ತು. ಆಯಿ ನೆಲ ತುಳಿದು ಸಮ ಮಾಡಿ, ಸಗಣಿ ಸಾರಿಸಿ, ಸೊಂಟಕ್ಕೆ ಕೈಕೊಟ್ಟು ಎದ್ದು ನಿಲ್ಲುವವರೆಗೂ ನಾನು ಅವಳನ್ನು ಕೆಳಗಿಳಿಸಲಿಲ್ಲ.